ರೊಟ್ಟಿಯ ಹಂಚು, ಬ್ರೆಡ್ಡಿನ ಅಚ್ಚು

ಅನ್ನದ ಚರಿತ್ರೆಯನ್ನು ಬರೆಯುವವರು ಧಾನ್ಯಗಳ ವಿಷಯವನ್ನು ಬರೆಯುತ್ತಾರೆ. ಮಳೆ ಬೆಳೆಗಳ ವಿಷಯವನ್ನು ಬರೆಯುತ್ತಾರೆ. ಬರಗಾಲ ಸುಕಾಲಗಳ ಲೆಕ್ಕವನ್ನೂ ಕೊಡುತ್ತಾರೆ. ಆದರೆ ಹಿಟ್ಟಿಗೂ ಬೆಂಕಿಗೂ ನಡುವೆ ನಿಂತು, ಒಂದರ ಉರಿಯನ್ನು ತಾನು ತಾಳಿ ಇನ್ನೊಂದನ್ನು ಆಹಾರವನ್ನಾಗಿ ಮಾಡುವ ಪಾತ್ರೆಯ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆದವರು ವಿರಳ. ಉಂಡವನು ಅಡಿಗೆ ಮಾಡಿದವಳನ್ನು ಹೊಗಳಬಹುದು, ಬೆಳೆದವನನ್ನು ನೆನೆಯಬಹುದು. ಹಂಚು ಮಾಡಿದವನನ್ನು ನೆನೆಯುವವರಾರು?

ಬೀದರ ಜಿಲ್ಲೆಯಲ್ಲಿ ಹುಮನಾಬಾದದ ನೆರೆಗಿರುವ ಹುಡಗಿಯಂತಹ ಊರಿನ ಓಣಿಯಲ್ಲಿ ಬೆಳಗಿನ ಹೊತ್ತು ನಡೆದು ಹೋದರೆ ಕಿವಿಗೆ ಬೀಳುವ ಸಪ್ಪಳವು ರೊಟ್ಟಿ ಬಡಿಯುವ ಸಪ್ಪಳವೇ. ಆ ರೊಟ್ಟಿಯ ಕೆಳಗೆ ಒಂದು ಹಂಚು ಇದ್ದೇ ಇರುವುದು. ಒಂದು ಮನೆಗೆ ಬೇಕಾದ ಹತ್ತಿಪ್ಪತ್ತು ರೊಟ್ಟಿಗಳನ್ನು ಸುಡುವ ಈ ಹಂಚು ಎಲ್ಲಿ, ದಿನಕ್ಕೆ ಸಾವಿರಗಟ್ಟಲೆ ಬ್ರೆಡ್ಡುಗಳನ್ನು ಸುಡುವ ಕಾರಖಾನೆಯ ಲೋಹದ ಅಚ್ಚು ಎಲ್ಲಿ, ಎಂದು ವಾಚಕರು ಕೇಳಬಹುದು. ಎರಡಕ್ಕೂ ಇರುವ ಪ್ರಶ್ನೆ ಒಂದೇ. ದಿನದಿನವೂ ಕಾದು, ದಿನದಿನವೂ ಆರಿ, ಒಡೆಯದೆ, ಸೊಟ್ಟಾಗದೆ, ಹಿಟ್ಟನ್ನು ಕಚ್ಚಿ ಹಿಡಿಯದೆ ಪಾತ್ರೆಯು ಬಹುಕಾಲ ಬಾಳುವುದು ಹೇಗೆ? ಬಹುಜನರಿಗೆ ರೊಟ್ಟಿ ಕೊಡಬೇಕೆಂದವರೆಲ್ಲರೂ ಈ ಪ್ರಶ್ನೆಗೆ ಉತ್ತರ ಹುಡುಕಲೇಬೇಕಾಯಿತು. ಆ ಉತ್ತರಗಳ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಸಂಗತಿಯನ್ನು ತಿಳಿಯಬೇಕು. ನಮ್ಮ ಹಂಚಿಗೆ ಗೋಡೆಯಿಲ್ಲ. ಬ್ರೆಡ್ಡಿನ ಅಚ್ಚಿಗೆ ಗೋಡೆಯುಂಟು. ಇದಕ್ಕೆ ಕಾರಣವು ಮಾಡುವವನ ಇಚ್ಛೆಯಲ್ಲ, ಧಾನ್ಯದ ಗುಣ. ಗೋದಿಯ ಹಿಟ್ಟನ್ನು ನೀರು ಹಾಕಿ ನಾದಿದರೆ ಅದರಲ್ಲಿ ಅಂಟಾದ ಒಂದು ನಾರು ಹುಟ್ಟುವುದು. ಹುದುಗಿದಾಗ ಏಳುವ ಗಾಳಿಯನ್ನು ಆ ನಾರು ಹಿಡಿದಿಟ್ಟುಕೊಳ್ಳುವುದರಿಂದ ಕಣಕವು ಉಬ್ಬಿ ಮೇಲೇರುವುದು. ಜೋಳದಲ್ಲಿ ಈ ನಾರಿಲ್ಲ. ಆದುದರಿಂದಲೇ ಜೋಳದ ಹಿಟ್ಟಿಗೆ ಕುದಿಯುವ ನೀರು ಹೊಯ್ದು ಹದ ಮಾಡಿ, ಕೈಯಿಂದ ತಟ್ಟಿ, ತೆಳ್ಳಗೆ ಹರಡಿ ಸುಡಬೇಕಾಗುವುದು. ಉಬ್ಬಿ ಮೇಲೇರದ ಹಿಟ್ಟಿಗೆ ಗೋಡೆಯೇಕೆ? ಕಾದ ನೆಲವೊಂದಿದ್ದರೆ ಸಾಕು. ಹಂಚೆಂದರೆ ಆ ಕಾದ ನೆಲ.

ಆದರೆ ಈ ನೆಲವನ್ನು ಮಾಡುವುದು ಸುಲಭವಲ್ಲ. ಬೆಂಕಿಯ ಮೇಲಿಟ್ಟಾಗ ಹಂಚಿನ ನಡುವು ಮೊದಲು ಕಾದು ಹಿಗ್ಗುವುದು. ಅಂಚು ಇನ್ನೂ ತಣ್ಣಗಿರುವುದು. ಈ ಎಳೆದಾಟದಲ್ಲಿಯೇ ಮಣ್ಣಿನ ಪಾತ್ರೆ ಸೀಳುವುದು. ಇದನ್ನು ಕಂಡುಂಡ ಕುಂಬಾರರು ಬೆಂಕಿಗಿಡುವ ಪಾತ್ರೆಯ ಮಣ್ಣಿಗೆ ಉಸುಕು, ಬೂದಿ, ಲದ್ದಿ, ಹೊಟ್ಟು ಮುಂತಾದವುಗಳನ್ನು ಬೆರೆಸುವ ಪದ್ಧತಿಯನ್ನಿಟ್ಟುಕೊಂಡರು. ಲದ್ದಿ ಹೊಟ್ಟುಗಳು ಆವಿಗೆಯಲ್ಲಿ ಸುಟ್ಟು ಹೋಗಿ ಸಣ್ಣ ಸಣ್ಣ ತೆರವುಗಳನ್ನು ಉಳಿಸುವುವು. ಎದ್ದ ಬಿರುಕು ಅಂತಹ ತೆರವಿಗೋ ಉಸುಕಿನ ಹರಳಿಗೋ ಬಂದು ಅಲ್ಲಿಯೇ ನಿಲ್ಲುವುದು. ಮೂಲೆಯಿಲ್ಲದ ದುಂಡು ಆಕಾರ, ಎಲ್ಲೆಡೆಗೂ ಸಮನಾದ ದಪ್ಪ, ತುಸುವೇ ತಗ್ಗಾದ ನಡುವು ಇವೆಲ್ಲವೂ ಇದೇ ವಿಚಾರದಿಂದ ಹುಟ್ಟಿದವುಗಳು. ಇಷ್ಟು ಮಾಡಿಯೂ ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯು ಸುಳ್ಳಾಗಲಿಲ್ಲ. ಆದುದರಿಂದ ಕಮ್ಮಾರನ ಕಬ್ಬಿಣದ ಹಂಚು ಮಣ್ಣಿನ ಹಂಚಿನ ಪಕ್ಕದಲ್ಲಿ ಬಂದು ಕುಳಿತಿತು. ಕಬ್ಬಿಣವು ಮಣ್ಣಿಗಿಂತ ಹಲವು ಹತ್ತು ಪಟ್ಟು ಚೆನ್ನಾಗಿ ಕಾವನ್ನು ಹರಿಯಗೊಡುವುದು, ಬಿದ್ದರೂ ಒಡೆಯದು. ಆದರೆ ತುಕ್ಕು ಹಿಡಿಯುವುದು, ತೆಳ್ಳಗಿದ್ದರೆ ಉರಿಗೆ ಸೊಟ್ಟಾಗುವುದು. ಒಂದರ ಗುಣ ಇನ್ನೊಂದರಲ್ಲಿಲ್ಲ.

ಹುಡಗಿಯ ಸೀಮೆಗೆ ಸೇರಿದ ಬಸವಕಲ್ಯಾಣವು ೧೧ನೆಯ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯಾಯಿತು. ಅಲ್ಲಿ ೧೧೨೬ರಿಂದ ೧೧೩೮ರವರೆಗೆ ಆಳಿದ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೆಂಬ ಭಾಗವೇ ಒಂದಿರುವುದು. ಗೋದಿಯ ಮಂಡಕವು ಅಲ್ಲಿ ಹೇಳಿರುವ ಭಕ್ಷ್ಯಗಳಲ್ಲೊಂದು. ನಮ್ಮ ಮಂಡಿಗೆ ಎಂಬ ಹೆಸರು ಇದರಿಂದಲೇ ಬಂದುದು. ಬೆಳಗಾವಿಯ ಕಡೆಗೆ ಮಂಡಿಗೆಯನ್ನು ಇಂದಿಗೂ ಬೋರಲು ಹಾಕಿದ ಕಬ್ಬಿಣದ ಪಾತ್ರೆಯ ಬೆನ್ನಿನ ಮೇಲೆ ಬೇಯಿಸುತ್ತಾರೆ. ಖಾನದೇಶದಲ್ಲಿ ಇದೇ ಜಾತಿಯ ಮಾಂಡೆಯನ್ನು ಬೋರಲು ಹಾಕಿದ ಮಣ್ಣಿನ ಖಾಪರದ ಮೇಲೆ ಬೇಯಿಸುತ್ತಾರೆ. ಅಗಲವಾದ ತೆಳು ಹಾಳೆಗೆ ಚಪ್ಪಟೆಯಾದ ಹಂಚು ಸಾಲದೆ ಹೋದಾಗ ಪಾತ್ರೆಯ ಬೆನ್ನನ್ನೇ ಹಂಚು ಮಾಡಿಕೊಂಡ ಈ ಯುಕ್ತಿಯು ಸಣ್ಣದಲ್ಲ.

ಅದೇ ಶತಮಾನದಲ್ಲಿ, ಅದೇ ಕಲ್ಯಾಣದಲ್ಲಿ, ಬಸವಣ್ಣನವರ ಮಹಾಮನೆಯಲ್ಲಿ ದಾಸೋಹವು ನಡೆಯಿತು. ದಾಸೋಹವೆಂದರೆ ದಿನವೂ ಬಹುಜನರಿಗೆ ಅನ್ನ. ಬಹುಜನರಿಗೆ ಅನ್ನವೆಂದರೆ ಹೊತ್ತು ಹೊತ್ತಿಗೂ ಒಲೆಯ ಮೇಲಿರುವ ಪಾತ್ರೆ. ಕಾಯಕಕ್ಕೆ ಹಿರಿಮೆ ತಂದ ಆ ಕಾಲದ ನಾಡಿನಲ್ಲಿ ಕುಂಬಾರನಿಗೂ ಸ್ಥಾನ ದೊರೆತುದು ಸಹಜವೇ. ಹರಿಹರನು ಕುಂಬಾರ ಗುಂಡಯ್ಯನ ಮೇಲೆ ರಗಳೆಯನ್ನೇ ಬರೆದನು. ಗುಂಡಯ್ಯನ ಊರಾದ ಭಲ್ಲುಕೆಯು ಇಂದಿನ ಭಾಲ್ಕಿಯೆಂದು ಹೇಳುತ್ತಾರೆ; ಅವನು ಮಡಕೆ ಬಡಿಯುವ ನಾದಕ್ಕೆ ಶಿವನೇ ಕುಣಿದನೆಂಬುದು ಆ ಕಥೆಯ ಸಾರ. ಪಾತ್ರೆ ಮಾಡುವವನನ್ನು ಕಾವ್ಯದ ನಾಯಕನನ್ನಾಗಿ ಮಾಡಿದ ನಾಡು ನಮ್ಮದು ಎಂಬುದನ್ನು ನಾವು ಮರೆಯಬಾರದು.

ಬಹುಜನರ ರೊಟ್ಟಿಗೆ ಮಣ್ಣಿನ ಪಾತ್ರೆಯನ್ನು ನೆಚ್ಚಿದವರು ನಾವು ಮಾತ್ರವಲ್ಲ. ಈಜಿಪ್ತದಲ್ಲಿ ಗೀಜಾದ ಪಿರಮಿಡ್ಡುಗಳ ಬಳಿಯಲ್ಲಿ ೧೯೯೧ರಲ್ಲಿ ಮಾರ್ಕ್ ಲೆಹ್ನರ್ ಎಂಬ ಸಂಶೋಧಕರ ಗುಂಪು ಅಗೆದಾಗ ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದಿನ ಎರಡು ರೊಟ್ಟಿಯ ಭಟ್ಟಿಮನೆಗಳು ಸಿಕ್ಕವು. ಅಲ್ಲಿ ದೊರೆತ ಅಚ್ಚುಗಳು ಗಂಟೆಯಾಕಾರದ ದಪ್ಪ ಮಣ್ಣಿನ ಪಾತ್ರೆಗಳು. ಅವುಗಳನ್ನು ಮೊದಲು ಬೆಂಕಿಯಲ್ಲಿ ಕಾಯಿಸಿ, ಹಿಟ್ಟು ತುಂಬಿ, ಇನ್ನೊಂದು ಕಾದ ಪಾತ್ರೆಯನ್ನು ಮೇಲೆ ಮುಚ್ಚಿ, ಕೆಂಡದಲ್ಲಿ ಹುಗಿದಿಡುತ್ತಿದ್ದರು. ಪಾತ್ರೆಯ ದಪ್ಪವೇ ಕಾವಿನ ಉಗ್ರಾಣ. ಮುಂದಿನ ಕಾಲದಲ್ಲಿ ಅಚ್ಚುಗಳು ತೆಳ್ಳಗಾಗಿ ಕೊಳವೆಯಂತಾದವು. ರೊಟ್ಟಿಯನ್ನು ತೆಗೆಯಲು ಅಂತಹ ಅಚ್ಚನ್ನು ಒಡೆಯುತ್ತಿದ್ದರೆಂದು ವಿದ್ವಾಂಸರು ಊಹಿಸುತ್ತಾರೆ. ಒಂದು ರೊಟ್ಟಿಗೆ ಒಂದು ಪಾತ್ರೆ! ಬಾಳಿಕೆ ಬರುವ ಅಚ್ಚಿನ ಬೆಲೆ ಎಷ್ಟೆಂಬುದನ್ನು ತಿಳಿಯಲು ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ.

ಮತ್ತೆ ನಮ್ಮ ಸೀಮೆಗೆ ಬರೋಣ. ೧೫ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ಕಲಬುರ್ಗಿಯಿಂದ ಬೀದರಕ್ಕೆ ರಾಜಧಾನಿಯನ್ನು ತಂದರು. ಇರಾನ ಮೊದಲಾದ ದೇಶಗಳಿಂದ ಬಂದ ವಿದ್ವಾಂಸರೂ ಸಿಪಾಯಿಗಳೂ ವ್ಯಾಪಾರಿಗಳೂ ಇಲ್ಲಿ ನೆಲೆಸಿದರು. ದಖ್ಖನಿನ ಊಟದಲ್ಲಿ ಸೇರಿಹೋದ ನಾನ್ ಎಂಬ ರೊಟ್ಟಿಯ ಹೆಸರೇ ಫಾರಸಿಯದು. ನಾನನ್ನು ಬೇಯಿಸುವ ತಂದೂರಿನಲ್ಲಿ ಪಾತ್ರೆಯೂ ಒಲೆಯೂ ಬೇರೆಯಲ್ಲ. ಒಲೆಯ ಮಣ್ಣಿನ ಗೋಡೆಗೇ ರೊಟ್ಟಿಯನ್ನು ಬಡಿದು ಹಚ್ಚುತ್ತಾರೆ. ಲೋಹದ ಕಸಬಿನಲ್ಲಿಯೂ ಬೀದರವು ಜಗತ್ಪ್ರಸಿದ್ಧವಾಯಿತು. ಆದರೆ ಬಿದರಿಯ ಲೋಹವು ತುಸು ತಾಮ್ರ ಕೂಡಿದ ಸತು. ಸತುವು ೪೧೯ ಡಿಗ್ರಿ ಸೆಂಟಿಗ್ರೇಡಿಗೆ ಕರಗಿ ಹೋಗುವುದು, ಹುಳಿಗೆ ತಾಗಿದರೆ ಕರಗಿ ಆಹಾರದಲ್ಲಿ ಸೇರುವುದು. ಹೂಜಿ, ಹುಕ್ಕಾ, ಪಾನದಾನಿಗಳಿಗೆ ಒಪ್ಪಿದ ಲೋಹವು ಒಲೆಗೆ ಒಪ್ಪಲಿಲ್ಲ. ಅಂದಕ್ಕೆ ತಕ್ಕ ಲೋಹ ಬೇರೆ, ಉರಿಗೆ ತಕ್ಕ ಲೋಹ ಬೇರೆ ಎಂಬ ಪಾಠವನ್ನು ನಮ್ಮ ಜಿಲ್ಲೆಯ ಕಸಬೇ ಕಲಿಸುತ್ತದೆ.

ನಾಲ್ಕು ಗೋಡೆಯ ಅಚ್ಚಿನಲ್ಲಿ ಉಬ್ಬಿದ ಬ್ರೆಡ್ಡು ಯುರೋಪಿಯನ್ನರೊಂದಿಗೆ ಬಂದಿತು. ಹೈದರಾಬಾದ ಸಂಸ್ಥಾನದಲ್ಲಿ ಅದಕ್ಕೆ ಡಬಲ್ ರೋಟಿ ಎಂದು ಹೆಸರಾಯಿತು. ಮದುವೆಯೂಟದ ಡಬಲ್ ಕಾ ಮೀಠಾ ಅದರಿಂದಲೇ ಹುಟ್ಟಿತು. ಅತ್ತ ಮೈಸೂರು ಸೀಮೆಯಲ್ಲಿ ಹಾಸನದ ಕಡೆಯ ತಿರುಮಲಾಚಾರ್ ಎಂಬವರು ೧೮೯೮ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ. ಬಿ. ಬೇಕರಿಯನ್ನು ತೆರೆದರು. ಅಯ್ಯಂಗಾರ್ ಬೇಕರಿಗಳ ಪರಂಪರೆಯು ಅಲ್ಲಿಂದ ಮೊದಲಾಗಿ ಊರೂರಿಗೂ ಹಬ್ಬಿತು. ೧೯೫೬ರ ನವೆಂಬರ ೧ರಂದು ಬೀದರ ಜಿಲ್ಲೆಯು ಕನ್ನಡ ರಾಜ್ಯದಲ್ಲಿ ಸೇರಿದಾಗ, ಡಬಲ್ ರೋಟಿಯ ನಾಡೂ ಅಯ್ಯಂಗಾರ್ ಬ್ರೆಡ್ಡಿನ ನಾಡೂ ಒಂದಾದಂತಾಯಿತು.

ಈ ಬ್ರೆಡ್ಡಿನ ಅಚ್ಚು ಯಾವುದರದು? ತವರ ಹಚ್ಚಿದ ತೆಳು ಉಕ್ಕಿನ ತಗಡಿನದು. ನಮ್ಮ ಮನೆಗಳ ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದುದೂ ಇದೇ ತವರದಿಂದ. ಈ ತಗಡನ್ನು ನಮ್ಮ ದೇಶದಲ್ಲಿಯೇ ಮಾಡಲು ೧೯೨೦ರಲ್ಲಿ ಜಮಶೇಟಪುರದ ಬಳಿಯ ಗೋಲ್ಮುರಿಯಲ್ಲಿ ಟಿನ್‌ಪ್ಲೇಟ್ ಕಂಪನಿ ಹುಟ್ಟಿದ್ದು ಸೀಮೆಎಣ್ಣೆಯ ಡಬ್ಬಿಗಳಿಗಾಗಿ; ಆದರೆ ಅಂತಹ ತಗಡನ್ನು ಕತ್ತರಿಸಿ ಮಡಿಸಿ ಬೇಕರಿಗೆ ಅಚ್ಚು ಮಾಡಿಕೊಡುವುದು ತಗಡಿನ ಕೆಲಸದವರ ಕೈಗೆ ಒಗ್ಗಿದ ವಿದ್ಯೆಯಾಯಿತು. ಈ ಕೆಲಸದಲ್ಲಿ ಎರಡು ಗುಟ್ಟುಗಳಿರುವುವು. ಸೀಸ ತವರಗಳ ಬೆಸುಗೆಯು ೧೮೩ ಡಿಗ್ರಿಗೇ ಕರಗುವುದು; ಬ್ರೆಡ್ಡಿನ ಭಟ್ಟಿಯು ೨೦೦ ಡಿಗ್ರಿಯನ್ನು ಮೀರುವುದು; ಅದಲ್ಲದೆ ಸೀಸವು ವಿಷ. ಆದುದರಿಂದ ಅಚ್ಚಿನ ಮೂಲೆಗಳನ್ನು ಬೆಸೆಯಬಾರದು, ಕಾಗದದ ಪೊಟ್ಟಣದಂತೆ ಮಡಿಸಬೇಕು. ಇನ್ನೊಂದು, ತವರವು ೨೩೨ ಡಿಗ್ರಿಗೆ ಕರಗುವುದು. ಒಳಗೆ ಹಸಿ ಕಣಕವಿದ್ದರೆ ಅದರ ನೀರು ಆವಿಯಾಗುತ್ತ ಲೋಹವನ್ನು ತಣಿಸುವುದು. ಬರಿಯ ಅಚ್ಚನ್ನು ಉರಿಯುವ ಭಟ್ಟಿಗೆ ತಳ್ಳಿದರೆ ತವರವು ಹನಿಹನಿಯಾಗಿ ಹರಿದು, ಅಚ್ಚು ಕೆಟ್ಟು ಹೋಗುವುದು.

ಹೊಸ ತಗಡಿನ ಹೊಳಪು ಕಾವನ್ನು ಹಿಂದಕ್ಕೆ ತಳ್ಳುವುದರಿಂದ ಹೊಸ ಅಚ್ಚಿನಲ್ಲಿ ಬ್ರೆಡ್ಡಿನ ಅಡಿ ಬಿಳಿಚಿಕೊಳ್ಳುವುದು. ಅದಕ್ಕಾಗಿ ತವರವು ಕರಗದಷ್ಟು ಹದವಾದ ಉರಿಯಲ್ಲಿ ಕೆಲವು ತಾಸು ಕಾಯಿಸಿ ಅದರ ಬಣ್ಣವನ್ನು ಮಂಕು ಮಾಡಿ, ಎಣ್ಣೆ ಸವರಿ ಪಳಗಿಸುತ್ತಾರೆ. ಹೊಸ ಹಂಚನ್ನು ತಂದ ದಿನವೇ ರೊಟ್ಟಿ ಹಾಕದೆ, ಎಣ್ಣೆ ಸವರಿ, ಸಣ್ಣ ಉರಿಯಲ್ಲಿಟ್ಟು ಪಳಗಿಸುವ ನಮ್ಮ ಹಿರಿಯ ಹೆಣ್ಣುಮಕ್ಕಳು ಇದನ್ನು ಯಾವ ಪುಸ್ತಕದಿಂದಲೂ ಕಲಿತವರಲ್ಲ.

೧೯೬೫ರಲ್ಲಿ ಭಾರತ ಸರಕಾರವು ಮಾಡರ್ನ್ ಬೇಕರೀಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ದೊಡ್ಡ ನಗರಗಳಲ್ಲಿ ಯಂತ್ರದ ಬ್ರೆಡ್ಡನ್ನು ಆರಂಭಿಸಿತು. ೨೦೦೦ದಲ್ಲಿ ಅದು ಖಾಸಗಿಯವರ ಕೈಸೇರಿತು. ಯಂತ್ರದ ಸಾಲಿನಲ್ಲಿ ಅಚ್ಚು ಒಂಟಿಯಾಗಿರದು. ಮೂರು, ನಾಲ್ಕು, ಐದು ಅಚ್ಚುಗಳನ್ನು ಒಂದು ಉಕ್ಕಿನ ಪಟ್ಟಿಯಿಂದ ಕಟ್ಟಿ ಜೊತೆ ಮಾಡುತ್ತಾರೆ. ನಡುವೆ ಬಿಸಿಗಾಳಿ ಸುಳಿಯಲು ತೆರವು ಬಿಡುತ್ತಾರೆ, ಇಲ್ಲವಾದರೆ ನಡುವಿನ ಬ್ರೆಡ್ಡಿನ ಮಗ್ಗುಲು ಬೇಯದು. ಬ್ರೆಡ್ಡು ಸಲೀಸಾಗಿ ಕಳಚಲೆಂದು ಗೋಡೆಗಳನ್ನು ತುಸು ಓರೆಯಾಗಿಡುತ್ತಾರೆ. ಬಾಯಂಚಿನಲ್ಲಿ ತಂತಿಯನ್ನು ಸುತ್ತಿ ಮಡಿಸಿ ಬಲಪಡಿಸುತ್ತಾರೆ, ಇಲ್ಲವಾದರೆ ಯಂತ್ರದ ಹೊಡೆತಕ್ಕೆ ಅಂಚು ಬಾಗುವುದು. ತವರಕ್ಕೆ ಬದಲಾಗಿ ಅಲ್ಯುಮಿನಿಯಂ ಹಚ್ಚಿದ ಉಕ್ಕು ಬಂದಿತು; ಅದು ಭಟ್ಟಿಯ ಉರಿಗೆ ಕರಗದು. ೧೯೩೮ರಲ್ಲಿ ಅಮೇರಿಕದ ರಾಯ್ ಪ್ಲಂಕೆಟ್ ಕಂಡುಹಿಡಿದ, ಟೆಫ್ಲಾನ್ ಎಂದು ಹೆಸರಾದ ವಸ್ತುವಿನ ಲೇಪವೂ ಸಿಲಿಕೋನಿನ ಲೇಪವೂ ಬಂದ ಮೇಲೆ ಎಣ್ಣೆ ಸವರುವ ಕೆಲಸವು ಬಹಳ ಮಟ್ಟಿಗೆ ತಪ್ಪಿತು. ಆದರೆ ಲೇಪವೂ ಅಮರವಲ್ಲ. ಇಂತಿಷ್ಟು ಬ್ರೆಡ್ಡುಗಳನ್ನು ಕಳಚಿದ ಮೇಲೆ ಅದು ಸವೆಯುವುದು, ಮತ್ತೆ ಹಚ್ಚಿಸಬೇಕಾಗುವುದು. ಕಾರಖಾನೆಯವರು ಅಚ್ಚಿನ ಆಯುಷ್ಯವನ್ನು ವರ್ಷಗಳಲ್ಲಿ ಎಣಿಸದೆ ಅದು ಕೊಟ್ಟ ಬ್ರೆಡ್ಡುಗಳಲ್ಲಿ ಎಣಿಸುತ್ತಾರೆ. ಪಾತ್ರೆಯ ಆಯುಷ್ಯಕ್ಕೆ ಇದಕ್ಕಿಂತ ನ್ಯಾಯವಾದ ಅಳತೆ ಇನ್ನೊಂದಿಲ್ಲ.

ಹೀಗಿದ್ದರೂ ಬಹುಜನರ ರೊಟ್ಟಿಗೆ ಕಾರಖಾನೆಯೊಂದೇ ದಾರಿಯೆಂದು ತಿಳಿಯಬಾರದು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ಮನೆಮನೆಗಳಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿಗಳು ಬಂದು ಸೇರುತ್ತವೆ. ಒಂದು ದೊಡ್ಡ ಭಟ್ಟಿಯಿಲ್ಲ, ಒಂದು ಯಂತ್ರವಿಲ್ಲ. ಸಾವಿರಾರು ಒಲೆಗಳ ಮೇಲೆ ಸಾವಿರಾರು ಹಂಚುಗಳು. ಒಣಗಿಸಿದ ಕಟಿ ರೊಟ್ಟಿಯು ದಿನಗಟ್ಟಲೆ ಕೆಡದಿರುವುದರಿಂದ ಇದು ಸಾಧ್ಯವಾಯಿತು. ಕಾರಖಾನೆಯು ಒಂದು ಅಚ್ಚಿನಿಂದ ಸಾವಿರ ರೊಟ್ಟಿ ಪಡೆದರೆ, ನಮ್ಮ ಹಳ್ಳಿಗಳು ಸಾವಿರ ಹಂಚುಗಳಿಂದ ಒಂದು ದಾಸೋಹವನ್ನು ನಡೆಸುತ್ತವೆ. ಎರಡಕ್ಕೂ ಆಧಾರವು ಕೆಡದೆ ನಿಲ್ಲುವ ಪಾತ್ರೆಯೇ.

ಆದರೆ ಆ ಪಾತ್ರೆಯ ವಿದ್ಯೆಯು ನಮ್ಮಲ್ಲಿ ನಿಲ್ಲುವುದೇ? ಪೇಟೆಯ ತೆಳು ತವೆ ಬಂದು ಮಣ್ಣಿನ ಹಂಚು ಮೂಲೆ ಸೇರಿದೆ. ಸ್ಟೀಲಿನ ಪಾತ್ರೆ ಬಂದು ಕಲಾಯಿಗಾರನ ಕೂಗು ಓಣಿಯಿಂದ ಮಾಯವಾಗಿದೆ. ಅಚ್ಚು ಮಡಿಸುವ ತಗಡಿನ ಕೆಲಸದವನ ಮಗ ಬೇರೆ ಉದ್ಯೋಗ ಹಿಡಿದಿದ್ದಾನೆ. ಹೊಸದು ಬರಬಾರದೆಂದು ನಾವು ಹೇಳುವುದಿಲ್ಲ. ಯಾವ ಮಣ್ಣಿಗೆ ಎಷ್ಟು ಉಸುಕು, ಯಾವ ತಗಡಿಗೆ ಯಾವ ಮಡಿಕೆ ಎಂಬ ಅರಿವು ಬರೆದಿಡದೆ ಹೋದರೆ, ಆ ಮುದುಕರೊಂದಿಗೆ ಅದೂ ಮಣ್ಣಾಗುವುದು. ಮುಂದೆ ನಮ್ಮ ಜೋಳಕ್ಕೆ ಒಪ್ಪುವ ಪಾತ್ರೆಯನ್ನು ಯೋಚಿಸಬೇಕಾದ ಹುಡುಗರು ಬರಿಗೈಯಿಂದ ತೊಡಗಬೇಕಾಗುವುದು. ಆದುದರಿಂದ ಈ ಪತ್ರಿಕೆಯ ವಾಚಕರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಊರಿನ ಕುಂಬಾರರನ್ನೂ ಕಮ್ಮಾರರನ್ನೂ ಕಲಾಯಿಗಾರರನ್ನೂ ಹಳೆಯ ಭಟ್ಟಿಯವರನ್ನೂ ಕಂಡು, ಅವರ ಕಸಬಿನ ಮಾತುಗಳನ್ನು ಅವರ ಬಾಯಲ್ಲಿದ್ದಂತೆಯೇ ಬರೆದು ಕಳುಹಿರಿ. ಶಾಸನಗಳನ್ನು ಓದಿ ಅರಸರ ಹೆಸರುಗಳನ್ನು ಉಳಿಸಿದ್ದೇವೆ. ನಮಗೆ ದಿನವೂ ರೊಟ್ಟಿ ಕೊಟ್ಟ ಹಂಚಿನ ವಿದ್ಯೆಯನ್ನು ಉಳಿಸುವುದು ಅದಕ್ಕಿಂತ ಕಿರಿದಾದ ಕೆಲಸವಲ್ಲ.