ಹಾಲಪ್ಪನವರ, ಸವಿತಾ

ಬೆಳಗಾವಿಯ ದಂತವೈದ್ಯೆ, ಇವರ ಸಾವು ಐರ್ಲೆಂಡಿನ ಗರ್ಭಪಾತ ಕಾನೂನನ್ನೇ ಬದಲಿಸಿತು. 17 ವಾರದ ಗರ್ಭಿಣಿಯಾಗಿದ್ದ ಸವಿತಾ 2012ರ ಅಕ್ಟೋಬರ್ 21ರಂದು ಗಾಲ್ವೇ ನಗರದ ವಿಶ್ವವಿದ್ಯಾಲಯ ಆಸ್ಪತ್ರೆಗೆ ಹೋದರು. ಗರ್ಭ ಉಳಿಯುವಂತಿರಲಿಲ್ಲ. ತೆಗೆದುಬಿಡಿ ಎಂದು ಕೇಳಿಕೊಂಡರೂ, ಭ್ರೂಣದ ಎದೆಬಡಿತ ಇನ್ನೂ ಇದೆಯೆಂದು ನಿರಾಕರಿಸಲಾಯಿತು. ಅಕ್ಟೋಬರ್ 28ರಂದು ನಂಜೇರಿ ತೀರಿಕೊಂಡರು, ವಯಸ್ಸು 31. ‘ಇದು ಕ್ಯಾಥೊಲಿಕ್ ದೇಶ’ ಎಂದು ತಾನು ಸವಿತಾಗೆ ಹೇಳಿದ್ದು ನಿಜವೆಂದು ಹೆರಿಗೆ ವಿಭಾಗದ ದಾದಿಯೊಬ್ಬರು 2013ರ ವಿಚಾರಣೆಯಲ್ಲಿ ಒಪ್ಪಿಕೊಂಡರು.

1983ರ ಜನಮತದಿಂದ ಸಂವಿಧಾನ ಸೇರಿದ್ದ ಎಂಟನೆಯ ತಿದ್ದುಪಡಿ ತಾಯಿಯ ಮತ್ತು ಭ್ರೂಣದ ಜೀವದ ಹಕ್ಕನ್ನು ಸರಿಸಮ ಮಾಡಿತ್ತು. ಅದನ್ನು ಕಿತ್ತುಹಾಕಲು ಮತ್ತೊಂದು ಜನಮತವೇ ಬೇಕಿತ್ತು. ಆದರೆ ಅಲ್ಲಿ ಜನರೇ ಸಹಿ ಸಂಗ್ರಹಿಸಿ ಪ್ರಶ್ನೆಯನ್ನು ಮತಕ್ಕೆ ತರುವಂತಿಲ್ಲ. ಸಂಸತ್ತು ಮನಸ್ಸು ಮಾಡಬೇಕು. ಆ ಮನಸ್ಸು ಬಂದು ಮತದಾನವಾಗಲು ಐದೂವರೆ ವರ್ಷ ಹಿಡಿಯಿತು. 2018ರ ಮೇ 25ರಂದು ಮತ ಹಾಕಿದವರಲ್ಲಿ ಶೇ 66.4ರಷ್ಟು ಮಂದಿ ರದ್ದತಿಗೆ ಒಪ್ಪಿದರು. ಅದಕ್ಕೂ ಮುನ್ನ ಸವಿತಾರ ತಂದೆ ‘ಹೌದು’ ಎನ್ನುವಂತೆ ಐರಿಷ್ ಜನತೆಯನ್ನು ಕೇಳಿಕೊಂಡಿದ್ದರು.

ಸಹಿಯ ಹಕ್ಕಿದ್ದಲ್ಲೂ ದಾರಿ ಸಲೀಸಲ್ಲ. ಅಮೆರಿಕದ ಆರ್ಕನ್ಸಾದಲ್ಲಿ 2024ರಲ್ಲಿ ಗರ್ಭಪಾತದ ಹಕ್ಕನ್ನು ಮತಕ್ಕೆ ತರಲು ಲಕ್ಷಕ್ಕೂ ಮಿಕ್ಕಿದ ಸಹಿಗಳಿದ್ದ ಮನವಿಯನ್ನು ರಾಜ್ಯ ಕಾರ್ಯದರ್ಶಿ ಜಾನ್ ಥರ್ಸ್ಟನ್ ಕಾಗದಪತ್ರದ ಲೋಪ ತೋರಿಸಿ ತಳ್ಳಿಹಾಕಿದರು; ರಾಜ್ಯದ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು.

ಭಾರತದಲ್ಲಿ ಇಂಥ ಜನಮತದ ಏರ್ಪಾಡೇ ಇಲ್ಲ. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿ ಕೆಲವು ವರ್ಗದ ಮಹಿಳೆಯರಿಗೆ ಮಿತಿಯನ್ನು 24 ವಾರಕ್ಕೆ ಏರಿಸಿತು. ಅದು ಮೀರಿದರೆ ಭ್ರೂಣದ ಗಂಭೀರ ದೋಷಕ್ಕೆ ವೈದ್ಯಕೀಯ ಮಂಡಳಿಯಿದೆ. ತಾಯಿಯ ಜೀವ ಉಳಿಸಲು ತುರ್ತಾಗಿ ಬೇಕಾದಾಗ ಬಿಟ್ಟರೆ, ಉಳಿದವರು ನ್ಯಾಯಾಲಯದ ಮೆಟ್ಟಿಲೇರಬೇಕು. ಹುಬ್ಬಳ್ಳಿ-ಧಾರವಾಡದವರಿಗೂ ಬೆಳಗಾವಿಯವರಿಗೂ ಅದು ಹೈಕೋರ್ಟಿನ ಧಾರವಾಡ ಪೀಠ.