ಜಲಂಧರದಲ್ಲಿ ಸಿಕ್ಕಿದ ಕುಂದಗೋಳದ ವಿಳಾಸ

1933ರಲ್ಲಿ ಗದಗಿನ ಶಾಲಾ ಮಾಸ್ತರರೊಬ್ಬರ ಹನ್ನೊಂದು ವರ್ಷದ ಮಗ ಮನೆ ಬಿಟ್ಟು ರೈಲು ಹತ್ತಿದ. ಊಟಕ್ಕೆ ಕೂತಾಗ ಇನ್ನೊಂದು ಚಮಚ ತುಪ್ಪ ಕೇಳಿದ್ದಕ್ಕೆ ಅಮ್ಮ ಇಲ್ಲವೆಂದರು, ಸಿಟ್ಟಿನಿಂದ ಎದ್ದು ಹೋದ ಎಂಬುದು ಮುಂದೆ ಬಹಳ ಪ್ರಸಿದ್ಧವಾದ ಕತೆ. ತುಪ್ಪ ನೆಪವಷ್ಟೇ. ಅಂಗಡಿಯೊಂದರ ಗ್ರಾಮಫೋನಿನಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ದನಿ ಆ ಹುಡುಗನನ್ನು ಆಗಲೇ ಹಿಡಿದುಬಿಟ್ಟಿತ್ತು. ಹಾಗೆ ಹಾಡಲು ಕಲಿಸುವ ಗುರು ಅವನಿಗೆ ಬೇಕಿತ್ತು. ಹುಡುಗನ ಹೆಸರು ಭೀಮಸೇನ ಜೋಶಿ.

ಟಿಕೆಟ್ ಇಲ್ಲದ ಆ ಪ್ರಯಾಣ ಪುಣೆ, ಗ್ವಾಲಿಯರ್, ಕಲಕತ್ತಾ, ದೆಹಲಿ ಎಂದು ಸುತ್ತಿ ಪಂಜಾಬಿನ ಜಲಂಧರಕ್ಕೆ ಬಂತು. ಅಲ್ಲಿ 1875ರಿಂದ ಪ್ರತಿ ವರ್ಷ ಚಳಿಗಾಲದಲ್ಲಿ ಹರಿವಲ್ಲಭ ಸಂಗೀತ ಮೇಳ ನಡೆಯುತ್ತದೆ. ದೇಶದ ಎಲ್ಲ ಕಡೆಯ ಗಾಯಕರು ಬಂದು ಸೇರುವ ಜಾಗ ಅದು. ಪುಣೆಯ ಗಾಯಕ ವಿನಾಯಕರಾವ್ ಪಟವರ್ಧನರು ಹುಡುಗನಿಗೆ ಸಿಕ್ಕಿದ್ದು ಆ ಊರಿನಲ್ಲೇ. ಹುಡುಗ ಎಲ್ಲಿಯವನು, ಯಾರ ಹಾಡಿಕೆ ಹುಡುಕುತ್ತಿದ್ದಾನೆ ಎಂದು ತಿಳಿದ ಮೇಲೆ ಅವರು ಕೊಟ್ಟ ಸಲಹೆ ಸರಳವಾಗಿತ್ತು: ಇಷ್ಟು ದೂರ ಬರುವ ಅಗತ್ಯವೇ ಇರಲಿಲ್ಲ, ನಿನ್ನ ಸೀಮೆಯಲ್ಲೇ ಸವಾಯಿ ಗಂಧರ್ವರು ಇದ್ದಾರೆ, ಅವರ ಹತ್ತಿರ ಹೋಗು.

ಸವಾಯಿ ಗಂಧರ್ವರ ಊರು ಕುಂದಗೋಳ. ಗದಗಿನಿಂದ ನೂರು ಕಿಲೋಮೀಟರ್ ಕೂಡ ಆಗುವುದಿಲ್ಲ. ಅದರ ವಿಳಾಸ ಕೇಳಲು ಹುಡುಗ ಜಲಂಧರದ ತನಕ ಹೋಗಬೇಕಾಯಿತು.

ಇದನ್ನು ಅದೃಷ್ಟ ಎಂದು ಬಿಟ್ಟುಬಿಡಬಹುದು. ಆದರೆ ಆ ಅದೃಷ್ಟಕ್ಕೂ ಒಂದು ಜಾಗ ಬೇಕಿತ್ತು. ಮೇಳದ ಊರಾಗಿರದಿದ್ದರೆ ಗದಗಿನ ಹುಡುಗನೂ ಪುಣೆಯ ಗಾಯಕರೂ ಪಂಜಾಬಿನಲ್ಲಿ ಎದುರಾಗುವ ಕಾರಣವೇ ಇರಲಿಲ್ಲ. ಕಿರಾನಾ ಘರಾನೆ ಕನ್ನಡನಾಡಿನಲ್ಲಿ ಬೇರು ಬಿಟ್ಟ ಕತೆಯನ್ನು ನೋಡಿದರೆ ಇಂಥ ಆಕಸ್ಮಿಕಗಳು ಒಂದರ ಹಿಂದೆ ಒಂದು ಬರುತ್ತವೆ. ಪ್ರತಿ ಸಲವೂ ಅವನ್ನು ಎತ್ತಿಕೊಂಡದ್ದು ಕೂತು ಕೇಳುವ ಒಂದು ಕೂಟ.

ಅಬ್ದುಲ್ ಕರೀಂ ಖಾನರು ಹುಟ್ಟಿದ್ದು 1872ರಲ್ಲಿ, ಈಗಿನ ಉತ್ತರ ಪ್ರದೇಶದ ಕೈರಾನಾದಲ್ಲಿ. ಬರೋಡಾದ ಆಸ್ಥಾನದಲ್ಲಿದ್ದು, ಅದನ್ನು ಬಿಟ್ಟು, ಕೊನೆಗೆ ಮಿರಜಿನಲ್ಲಿ ನೆಲೆ ನಿಂತರು. ಪ್ಲೇಗಿನ ಕಾಲದಲ್ಲಿ ಅವರ ಕಾಯಿಲೆ ಅಲ್ಲಿಯ ಮೀರಾಸಾಹೇಬರ ದರ್ಗಾದಲ್ಲಿ ವಾಸಿಯಾಯಿತು ಎಂಬ ನಂಬಿಕೆ ಇವತ್ತಿಗೂ ಇದೆ. ಉರುಸಿನ ಹೊತ್ತಿಗೆ ಅಲ್ಲಿ ನಡೆಯುವ ಸಂಗೀತ ಸಭೆ ಅವರ ನೆನಪಿನದು. ಮಿರಜಿನಿಂದ ಮೈಸೂರು ದಿಕ್ಕಿನ ದಾರಿಯಲ್ಲೇ ಧಾರವಾಡ, ಹುಬ್ಬಳ್ಳಿ ಸಿಗುತ್ತವೆ. ಮೈಸೂರು ಅರಮನೆಯ ಕರೆ ಬಂದಂತೆಲ್ಲ ಖಾನರು ಈ ಸೀಮೆಯನ್ನು ಹಾದುಹೋದರು, ಹಾಡಿದರು, ಕಲಿಸಿದರು. ಅವರ ಸರಗಮ್‌ನಲ್ಲಿ ಕರ್ನಾಟಕ ಸಂಗೀತದ ನೆರಳು ಕಾಣುವುದಕ್ಕೂ ದಕ್ಷಿಣದ ಈ ಓಡಾಟವೇ ಕಾರಣ.

ಹಾಗೆ ಅವರ ಶಿಷ್ಯರಾದವರು ಕುಂದಗೋಳದ ರಾಮಭಾವು. ಹುಟ್ಟಿದ್ದು 1886ರಲ್ಲಿ. ಗುರುವಿನ ಬಳಿ ವರ್ಷಗಟ್ಟಲೆ ಕಲಿತು, ಆಮೇಲೆ ಮರಾಠಿ ನಾಟಕ ಕಂಪನಿ ಸೇರಿ ಸ್ತ್ರೀಪಾತ್ರ ಮಾಡಿದರು. ‘ಸವಾಯಿ ಗಂಧರ್ವ’ ಎಂಬ ಬಿರುದು ರಂಗಭೂಮಿಯ ಕೊಡುಗೆ. ಧಾರವಾಡದ ಕಡೆ ಒಂದೂಕಾಲಿಗೆ ‘ಸವ್ವಾ’ ಎನ್ನುತ್ತಾರೆ. ಸವಾಯಿ ಎಂದರೆ ಅದೇ ಲೆಕ್ಕ, ಗಂಧರ್ವನಿಗಿಂತ ಕಾಲು ಪಾಲು ಹೆಚ್ಚು. ಆಗ ಮರಾಠಿ ರಂಗಭೂಮಿಯನ್ನು ಆಳುತ್ತಿದ್ದವರು ಬಾಲಗಂಧರ್ವರು. ಅಂಥ ಕಾಲದಲ್ಲಿ ಇದು ಸಣ್ಣ ಹೊಗಳಿಕೆಯಾಗಿರಲಿಲ್ಲ.

1930ರ ದಶಕದ ಕೊನೆಗೆ ಅವರ ಕುಂದಗೋಳದ ಮನೆಗೆ ಇಬ್ಬರು ಶಿಷ್ಯರು ಬರುತ್ತಿದ್ದರು. ಒಬ್ಬರು ಭೀಮಸೇನ. 1936ರಲ್ಲಿ ಶಿಷ್ಯನಾದ ಹುಡುಗ ಮೊದಲು ಮಾಡಿದ್ದು ನೀರು ಹೊರುವ, ಮನೆಗೆಲಸ ಮಾಡುವ ಚಾಕರಿ. ಪಾಠ ಆಮೇಲೆ. ಇನ್ನೊಬ್ಬರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದ ಗಂಗೂಬಾಯಿ ಹಾನಗಲ್. ಪಾಠ ಮುಗಿಸಿಕೊಂಡು ರಾತ್ರಿ ರೈಲಿಗೆ ವಾಪಸು. ಒಂದೇ ಸ್ವರಗುಚ್ಛವನ್ನು ದಿನಗಟ್ಟಲೆ ತಿದ್ದುವುದು ಗುರುಗಳ ಪದ್ಧತಿಯಾಗಿತ್ತು.

ಗಂಗೂಬಾಯಿಯವರ ಬದುಕಿನ ಆಕಸ್ಮಿಕ ಗಂಟಲಿನಲ್ಲೇ ಆಯಿತು. ಅವರ ಮೊದಮೊದಲ ಧ್ವನಿಮುದ್ರಿಕೆಗಳನ್ನು ಕೇಳಿದವರಿಗೆ ಇದು ಅವರೇ ಎಂದು ನಂಬುವುದು ಕಷ್ಟ. ದನಿ ತೆಳುವಾಗಿ, ಎತ್ತರದ ಶ್ರುತಿಯಲ್ಲಿದೆ. ಟಾನ್ಸಿಲ್ ತೊಂದರೆಗೆ ಚಿಕಿತ್ಸೆಯಾದ ಮೇಲೆ ದನಿ ಕೆಳಗಿಳಿಯಿತು, ಗಡುಸಾಯಿತು. ಹಾಡುವ ಹೆಣ್ಣುಮಗಳ ದನಿ ಹೀಗಿರಬೇಕು ಎಂದು ಎಲ್ಲರೂ ಅಂದುಕೊಂಡಿದ್ದ ಕಾಲದಲ್ಲಿ ಇದು ಹಾಡಿಕೆಯ ಕೊನೆಯೇ ಆಗಬಹುದಿತ್ತು. ಆದರೆ ಅವರು ಹಳೆಯ ದನಿಯನ್ನು ಹುಡುಕಿಕೊಂಡು ಹೋಗಲಿಲ್ಲ. ಹೊಸ ದನಿಗೆ ಹೊಂದುವ ಹಾಗೆ ಶ್ರುತಿ ಇಳಿಸಿಕೊಂಡರು. ಗುರುವಿನಿಂದ ಪಡೆದಿದ್ದ ನಿಧಾನದ ಬಢತ್ ಆ ಭಾರದ ದನಿಗೆ ಹೇಳಿಮಾಡಿಸಿದಂತೆ ಕೂತಿತು. ಕೇಳುಗರು ಮೊದಲು ಬೆರಗಾಗಿ, ಆಮೇಲೆ ಅದಕ್ಕಾಗಿಯೇ ಕಾಯತೊಡಗಿದರು. ಸಂತೋಷದ ಆಕಸ್ಮಿಕ ಎಂಬ ಮಾತನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. ಗಂಟಲಿಗೆ ಆದದ್ದು ನಷ್ಟವೇ. ಸಂತೋಷ ಆಮೇಲೆ ಬಂದದ್ದು, ಅದರ ಹಿಂದೆ ವರ್ಷಗಳ ರಿಯಾಜ್ ಇತ್ತು.

ಇದೇ ಗುರುವಿನ ಇನ್ನೊಬ್ಬ ಶಿಷ್ಯರು ಮುಂಬಯಿಯ ಫಿರೋಜ್ ದಸ್ತೂರ್, ಪಾರ್ಸಿ ಮನೆತನದವರು, ಸಿನಿಮಾ ನಟರು. ಬ್ರಾಹ್ಮಣ ಮಾಸ್ತರರ ಮಗ, ಹಾಡುಗಾರ್ತಿಯರ ಮನೆತನದ ಹೆಣ್ಣುಮಗಳು, ಪಾರ್ಸಿ ನಟ. ಸಂಗೀತದ ಕೋಣೆಯ ಹೊರಗೆ ಈ ಮೂವರೂ ಒಂದೇ ಚಾಪೆಯ ಮೇಲೆ ಕೂರುವ ಸಂದರ್ಭ ಆ ಕಾಲದಲ್ಲಿ ಎಷ್ಟು ಸಿಗುತ್ತಿತ್ತು?

1946ರಲ್ಲಿ ಗುರುವಿನ ಅರವತ್ತು ತುಂಬಿದ ಸಮಾರಂಭ ಪುಣೆಯಲ್ಲಿ ನಡೆಯಿತು. ಪಾರ್ಶ್ವವಾಯುವಿನಿಂದ ಸವಾಯಿ ಗಂಧರ್ವರ ಹಾಡಿಕೆ ಅಷ್ಟರಲ್ಲಿ ನಿಂತುಹೋಗಿತ್ತು. ಆ ಸಭೆಯಲ್ಲಿ ಭೀಮಸೇನರು ಹಾಡಿದರು, ಹೆಸರು ಮಾಡಿದರು. 1952ರಲ್ಲಿ ಗುರು ತೀರಿಕೊಂಡರು. ಮರುವರ್ಷ ಪುಣೆಯಲ್ಲಿ ಅವರ ಸ್ಮರಣೆಯ ಉತ್ಸವ ಶುರುವಾಯಿತು. ದಸ್ತೂರ್, ಗಂಗೂಬಾಯಿ ವರ್ಷ ವರ್ಷವೂ ಬಂದರು. ಕೊನೆಯ ಹಾಡಿಕೆ ಬಹುಕಾಲ ಭೀಮಸೇನರದೇ ಆಗಿತ್ತು. ಕುಂದಗೋಳದಲ್ಲೂ ನಾಡಗೀರ ವಾಡೆಯಲ್ಲಿ ಪುಣ್ಯತಿಥಿಯ ಸಂಗೀತ ನಡೆದುಕೊಂಡು ಬಂತು. ಅಲ್ಲಿ ಮೇಳದ ಗಾತ್ರ ಚಿಕ್ಕದು, ಕೇಳುಗರೆಲ್ಲ ಹತ್ತಿರದವರು.

ಪುಣೆಯ ಉತ್ಸವ ಮೊದಲು ರಾತ್ರಿಯಿಡೀ ನಡೆಯುತ್ತಿತ್ತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಬಂದ ಮೇಲೆ ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ಕಡಿವಾಣ ಬಿತ್ತು. ನಡುರಾತ್ರಿಯ ದರ್ಬಾರಿಗೆ ಜಾಗ ಕಡಿಮೆಯಾಯಿತು. ಸಭೆ ಮಧ್ಯಾಹ್ನಕ್ಕೇ ಶುರುವಾಗತೊಡಗಿತು. ಅದರಿಂದ ಭೀಮಪಲಾಸಿ, ಮುಲ್ತಾನಿಯಂಥ ರಾಗಗಳಿಗೆ ದೊಡ್ಡ ವೇದಿಕೆಯಲ್ಲಿ ಅವುಗಳದೇ ಹೊತ್ತು ಸಿಕ್ಕಿತು. ಕಳೆದದ್ದಕ್ಕೆ ಇದು ಸಮವಲ್ಲ, ಆದರೆ ಸಿಕ್ಕಿದ್ದೂ ಸುಳ್ಳಲ್ಲ.

ಪುಣೆಯ ಜನ ಈ ಉತ್ಸವವನ್ನು ಬರಿ ‘ಸವಾಯಿ’ ಎನ್ನುತ್ತಾರೆ. ಡಿಸೆಂಬರ್ ಬಂದರೆ ಸವಾಯಿಗೆ ಹೋಗುವುದು ಅಲ್ಲಿಯ ಮನೆಮನೆಯ ಮಾತು. ಹಾಗೆ ಹೇಳುವ ಸಾವಿರಾರು ಜನರಲ್ಲಿ ಕುಂದಗೋಳ ಎಲ್ಲಿದೆ ಎಂದು ತಿಳಿಯದವರೂ ಇರುತ್ತಾರೆ. ಪಕ್ಕದ ಕುರ್ಚಿಯಲ್ಲಿ ಹುಬ್ಬಳ್ಳಿಯವರೋ ಗದಗಿನವರೋ ಕೂತಿದ್ದರೆ, ವಿರಾಮದ ಚಹಾ ಹೊತ್ತಿನಲ್ಲಿ ವಿಳಾಸ ಹೇಳಬಹುದು.