ಕಲಿಯುವ ಕೈ, ನಮ್ಮ ಕಣ್ಣು

ಪೊರೆ ಆಪರೇಷನ್ ಅಂದರೆ ಊರಲ್ಲಿ ನಾವು ಕೇಳುವ ಮಾತು: ‘ಕಲಿಯೋ ಡಾಕ್ಟ್ರು ಮಾಡಿದ್ರೆ ಕಣ್ಣು ಹೋಗಲ್ವಾ?’

ಪ್ರಶ್ನೆ ಹೊಸದಲ್ಲ. ಸುಶ್ರುತ ಸಂಹಿತೆಯೇ ಶಿಷ್ಯರಿಗೆ ಮೊದಲು ಕುಂಬಳ, ಸೋರೆಕಾಯಿ ಕೊಯ್ದು ಕೈ ಪಳಗಿಸಲು ಹೇಳುತ್ತದೆ. ಆಗ ಪೊರೆಯನ್ನು ಸೂಜಿಯಿಂದ ಸರಿಸುತ್ತಿದ್ದರು. 1747ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಅದನ್ನು ಹೊರತೆಗೆದರು. 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಕಣ್ಣೊಳಗೆ ಲೆನ್ಸ್ ಇಟ್ಟರು.

ಈಗ ಲೆನ್ಸ್ ಕೂರುವುದು ಕಣ್ಣೊಳಗಿನ ತೆಳು ಚೀಲದಲ್ಲಿ. ಕಲಿಯುವವರ ಕೈಯಲ್ಲಿ ಆ ಚೀಲ ಹರಿಯುವ ಸಾಧ್ಯತೆ ಹೆಚ್ಚು. ಅದಕ್ಕೇ ಅವರಿಗೆ ಮೇಕೆ ಕಣ್ಣಿನ ಮೇಲೆ ಅಭ್ಯಾಸ, ಆಮೇಲೆ ಒಂದೊಂದೇ ಹಂತ. ಹಿರಿಯರು ಪಕ್ಕದಲ್ಲೇ ಇದ್ದು ತಕ್ಷಣ ಸರಿಪಡಿಸಿದರೆ ಹೆಚ್ಚಿನವರಿಗೆ ನೋಟ ಚೆನ್ನಾಗಿಯೇ ಬರುತ್ತದೆ.

ಹೆದರಿ ಆಪರೇಷನ್ ಬಿಡಬೇಡಿ. ‘ಹಿರಿಯ ಡಾಕ್ಟ್ರು ಜೊತೆಗಿರ್ತಾರಾ?’ ಅಂತ ಕೇಳಿ. ಕೇಳುವುದು ನಮ್ಮ ಹಕ್ಕು.